16ಕ್ಕೂ 24ಕ್ಕೂ ನಡುವೆ ನಾಲ್ಕು ಬಿಲ್ಲೆ

ನಮ್ಮ ಮಹಡಿ ಕೋಣೆಯ ಬಾಗಿಲು ಗಾಳಿಗೆ ಪಟಾರನೆ ಬಡಿಯುತ್ತದೆ. ಅದಕ್ಕೆ ಅಡ್ಡ ಇಟ್ಟಿದ್ದದ್ದು 24 ಕೆಜಿಯ ಕೆಟಲ್‌ಬೆಲ್. ಮೇಲೆ ಹಿಡಿ ಇರುವ, ವ್ಯಾಯಾಮಕ್ಕೆ ಎತ್ತುವ ಕಬ್ಬಿಣದ ಗುಂಡು ಅದು. ದಸರಾ ರಜೆಯಲ್ಲಿ ಹುಮ್ಮಸ್ಸಿಗೆ ಬಿದ್ದು ಕೊಂಡದ್ದು. ಜನವರಿವರೆಗೆ ಅದು ಮಾಡಿದ ಕೆಲಸ ಅಷ್ಟೇ. "ಬಾಗಿಲಿಗೆ ಒಂದು ಕಲ್ಲು ಸಾಕಾಗ್ತಿರಲಿಲ್ವಾ ರೀ?" ಎಂದು ಮನೆಯವಳು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಗಣಿತ ಮೇಷ್ಟ್ರು. ಮನೆ ಕ್ಯಾತ್ಸಂದ್ರದ ಕಡೆ. ಬೆಳಗ್ಗೆ ಐದೂವರೆಗೆ ಮಹಡಿ ಮೇಲೆ ಸಿದ್ಧಗಂಗೆ ಬೆಟ್ಟದ ಕಡೆ ಮುಖ ಮಾಡಿ 16 ಕೆಜಿಯ ಗುಂಡು ಎತ್ತುವುದು ಎರಡು ವರ್ಷದ ಅಭ್ಯಾಸ. ಒಂದೇ ಕೈಯಲ್ಲಿ ಎದೆಯಿಂದ ತಲೆಯ ಮೇಲಕ್ಕೆ, ಮೊಣಕಾಲು ಬಗ್ಗಿಸದೆ ನೇರ ಎತ್ತಬೇಕು. ಪ್ರೆಸ್ ಅಂದರೆ ಇದು. 16 ಅನ್ನು ಬಲಗೈಯಲ್ಲಿ 11 ಸಲ, ಎಡಗೈಯಲ್ಲಿ 9 ಸಲ ಎತ್ತುತ್ತಿದ್ದೆ. ಇಷ್ಟಾದ ಮೇಲೆ 24 ಒಂದು ಸಲವಾದರೂ ಹೋಗಬೇಕು ಅಲ್ವಾ? ಹೋಗಲಿಲ್ಲ. ಬಲಗೈಯಲ್ಲಿ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಲ್ಲಿ ಎದೆ ಬಿಟ್ಟು ಏಳಲೇ ಇಲ್ಲ.

ಮೊದಲು ತೂಕ ನೋಡೋಣ ಎಂದು ಎರಡನ್ನೂ ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟುಕೊಂಡು ಮಂಡಿಪೇಟೆಗೆ ಹೋದೆ. ಅಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಅಪ್ಪನ ಕಾಳಿನ ಅಂಗಡಿ ಇದೆ. ರಾಗಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಟ್ಟೆವು. 16 ಎಂದು ಬರೆದಿದ್ದು 15.640 ತೋರಿಸಿತು. 24 ಎಂದು ಬರೆದಿದ್ದು 24.300. ಅಂಗಡಿಯವರು ನಕ್ಕರು. "ನಾವು ಹೀಗೆ ತೂಗಿದ್ರೆ ಜನ ಬಿಡ್ತಾರಾ ಮೇಷ್ಟ್ರೇ?"

ಅವರ ಮಾತು ಸುಮ್ನೆ ತಮಾಷೆಯಲ್ಲ. ರಷ್ಯಾದಲ್ಲಿ ಈ ಗುಂಡು ಶುರುವಾದದ್ದೇ ಸಂತೆಯಲ್ಲಿ ಕಾಳು ತೂಗುವ ತೂಕದ ಕಲ್ಲಾಗಿ. ಅವರ ಹಳೇ ಅಳತೆ ಪೂಡ್. ಒಂದು ಪೂಡ್ ಅಂದರೆ 16.38 ಕೆಜಿ. 16, 24, 32 ಅಂದರೆ ಹೆಚ್ಚುಕಡಿಮೆ ಒಂದು, ಒಂದೂವರೆ, ಎರಡು ಪೂಡ್. ಈ ಮೆಟ್ಟಿಲುಗಳು ಹುಟ್ಟಿದ್ದು ಕಾಳಿನ ವ್ಯಾಪಾರಕ್ಕೆ, ನಮ್ಮ ಭುಜಕ್ಕಲ್ಲ. ನನ್ನ ಲೆಕ್ಕದಲ್ಲಂತೂ ಈ ಮೆಟ್ಟಿಲಿನ ಎತ್ತರ 8.66 ಕೆಜಿ. ಅಂದರೆ ಇರುವುದರ ಮೇಲೆ ನೂರಕ್ಕೆ 55 ಜಾಸ್ತಿ. ಬಾರ್ಬೆಲ್‌ಗೆ ಒಂದೂಕಾಲು ಕೆಜಿಯ ಪ್ಲೇಟು ಹಾಕಿಕೊಂಡು ಮೇಲೇರುವವರಿಗೆ ಈ ಕಷ್ಟ ಗೊತ್ತಾಗುವುದಿಲ್ಲ.

20 ಕೆಜಿಯದೊಂದು ಕೊಳ್ಳಬಹುದಿತ್ತು. ಅದೂ ನಾಲ್ಕು ಕೆಜಿ ಮೇಲೆ. ಜೊತೆಗೆ ಮೂರನೇ ಗುಂಡು ಮನೆಗೆ ಬಂದರೆ ನಾನು ಅದರ ಜೊತೆ ಮಹಡಿಯಲ್ಲೇ ಮಲಗಬೇಕಾಗುತ್ತಿತ್ತು. ಇರುವ 16ಕ್ಕೇ ಒಂದೊಂದು ಕೆಜಿ ಸೇರಿಸುವ ದಾರಿ ಹುಡುಕೋಣ ಎಂದುಕೊಂಡೆ.

ಎರಡು ಸೋಲು

ಮೊದಲ ಸಲ ಮರಳು. ದಪ್ಪ ಬಟ್ಟೆಯ ಚೀಲದಲ್ಲಿ ಒಂದು ಕೆಜಿ ಮರಳು ತುಂಬಿ, ಹೊಲಿದು, ಸೈಕಲ್ ಟ್ಯೂಬಿನಿಂದ ಗುಂಡಿಗೆ ಬಿಗಿದೆ. ನೋಡಲು ಹೊಟ್ಟೆನೋವಿಗೆ ಬಟ್ಟೆ ಕಟ್ಟಿದ ಹಾಗಿತ್ತು. ಎರಡು ಸಲ ಎತ್ತುವಷ್ಟರಲ್ಲಿ ಚೀಲ ಮುಂಗೈ ಕಡೆ ಜಾರಿ ಬಂತು. ಗುಂಡು ಮುಂಗೈಗೆ ಒರಗಿ ಕೂರಬೇಕಾದ ಜಾಗದಲ್ಲೇ ಮರಳು ಬಂದು ಕೂತರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಬಿಚ್ಚಿ ಬಿಸಾಕಿದೆ.

ಎರಡನೇ ಸಲ ಅಯಸ್ಕಾಂತ. ಗುಜರಿ ಅಂಗಡಿಯಲ್ಲಿ ಹಳೇ ಸ್ಪೀಕರುಗಳ ಉಂಗುರದಂಥ ಅಯಸ್ಕಾಂತ ಸಿಕ್ಕವು. ಕೈಗೆ ಒಳ್ಳೇ ಭಾರ. ಚಪ್ಪಟೆ ಬೀರುವಿಗೆ ಅಂಟಿಸಿದರೆ ಕೀಳಲು ಆಗದು. ಆದರೆ ಗುಂಡಿನ ಉಬ್ಬು ಮೈಗೆ ಅವು ತಗಲುವುದು ಒಂದು ಗೆರೆಯಷ್ಟು. ನಡುವೆ ಬಣ್ಣದ ಪದರ ಬೇರೆ. ನಾಲ್ಕನೇ ಸಲ ಎತ್ತುವಾಗ ಒಂದು ಕಳಚಿ ಬಿತ್ತು. ತಲೆಗೆ ಬೀಳದೆ ಕೋಣೆಯ ಕೆಂಪು ರೆಡಾಕ್ಸೈಡ್ ನೆಲಕ್ಕೆ ಬಿದ್ದು, ಬಿದ್ದಲ್ಲಿ ಒಂದು ರೂಪಾಯಿ ಅಗಲದ ಚಕ್ಕೆ ಎದ್ದಿತು. ಅಲ್ಲಿ ಈಗ ಕಾಲೊರಸು ಹಾಕಿದ್ದೇನೆ. ಯಾರೂ ಎತ್ತಿ ನೋಡಿಲ್ಲ.

ತಲೆಯ ಮೇಲೆ ಹೋಗುವ ವಸ್ತುವಿಗೆ ಅಂಟಿಸುವುದು, ಕಟ್ಟುವುದು ಎರಡೂ ಬೇಡ, ಬೋಲ್ಟೇ ಸರಿ ಎಂದು ಅವತ್ತು ತೀರ್ಮಾನವಾಯಿತು.

ಬಿಲ್ಲೆಯ ಲೆಕ್ಕ

ನನ್ನ 16ರ ಗುಂಡು ಒಂದೇ ಎರಕದ ಬೀಡು, ಅಂದರೆ ಎರಕದ ಕಬ್ಬಿಣ. ಬುಡ ಚಪ್ಪಟೆ, ಸುಮಾರು 13 ಸೆಂಟಿಮೀಟರ್ ಅಗಲ. ಬುಡದ ನಡುವೆ ತೂತು ಕೊರೆದು, ಟ್ಯಾಪ್ ಹೊಡೆದು (ತೂತಿನೊಳಗೆ ಬೋಲ್ಟು ಕೂರುವ ಥ್ರೆಡ್ ಕೊರೆದು), ಕಬ್ಬಿಣದ ಬಿಲ್ಲೆಗಳನ್ನು ಒಂದರ ಕೆಳಗೊಂದು ಇಟ್ಟು ಬೋಲ್ಟಿನಿಂದ ಬಿಗಿಯುವುದು ಯೋಜನೆ. ಬುಡವನ್ನೇ ಯಾಕೆ ಆರಿಸಿದೆ ಅಂದರೆ, ಎದೆಯ ಹತ್ತಿರ ಹಿಡಿದಾಗಲೂ ತಲೆಯ ಮೇಲೆ ಹೋದಾಗಲೂ ಮುಂಗೈಗೆ ತಗಲುವುದು ಗುಂಡಿನ ಪಕ್ಕೆ. ಬುಡ ತಗಲುವುದಿಲ್ಲ. ಬಿಲ್ಲೆ ಬುಡಕ್ಕಿಂತ ಚಿಕ್ಕದಿದ್ದರೆ ಕೈಗೆ ಗೊತ್ತೇ ಆಗಬಾರದು.

120 ಮಿಮೀ ಅಗಲದ ಬಿಲ್ಲೆ, ನಡುವೆ 13 ಮಿಮೀ ತೂತು. ಉಕ್ಕು ಒಂದು ಘನ ಸೆಂಟಿಮೀಟರಿಗೆ 7.85 ಗ್ರಾಂ. ಸರಿಯಾಗಿ ಒಂದು ಕೆಜಿ ಬರಬೇಕಾದರೆ ದಪ್ಪ 11.4 ಮಿಮೀ ಇರಬೇಕು. ಗುಜರಿಯಲ್ಲಿ 12 ಮಿಮೀ ದಪ್ಪದ ಎಂಎಸ್ (ಮೆದು ಉಕ್ಕಿನ) ಪ್ಲೇಟಿನ ತುಂಡುಗಳು ಬೇಕಾದಷ್ಟಿದ್ದವು. ಅರ್ಧ ಮಿಲಿಮೀಟರಿನಷ್ಟು ಲೇತಿನಲ್ಲಿ ತೆಗೆದರೆ ಆಯಿತು. ಒಂಬತ್ತನೇ ಕ್ಲಾಸಿಗೆ ಸಿಲಿಂಡರಿನ ಘನಫಲ ಮಾಡುವಾಗ ಈ ಬಿಲ್ಲೆಯನ್ನೇ ಮೇಜಿನ ಮೇಲಿಟ್ಟು ಲೆಕ್ಕ ಕೊಟ್ಟೆ. ಪುಸ್ತಕದ ಸಿಲಿಂಡರಿಗೆ ಇಲ್ಲದ ಉತ್ಸಾಹ ಇದಕ್ಕೆ ಬಂತು. ಒಬ್ಬ ಹುಡುಗ ಮಾತ್ರ "ಸಾರ್, ನಡುವಿನ ತೂತು ಕಳೀಬೇಕಾ?" ಎಂದು ಕೇಳಿದ. ಅವನಿಗೆ ಎರಡು ಮಾರ್ಕು ಜಾಸ್ತಿ.

ಲೇತ್ ಅಂಗಡಿ ಅಂತರಸನಹಳ್ಳಿ ಕಡೆ. ಅಲ್ಲಿನ ಭಾಯ್ ಗುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ಯಾವ ಪಂಪಿನ ಪಾರ್ಟು ಮೇಷ್ಟ್ರೇ?" ಎಂದರು. ವಿವರಿಸಿದೆ. "ಓ, ಗರಡಿಮನೆ ಸಾಮಾನು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನನ್ನ ಹತ್ತು ನಿಮಿಷದ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಗುಂಡನ್ನು ತಲೆಕೆಳಗು ಮಾಡಿ, ಹಿಡಿಯನ್ನು ಎರಡು ಮರದ ತುಂಡುಗಳ ನಡುವೆ ವೈಸಿಗೆ ಸಿಕ್ಕಿಸಿ, ಪಿಲ್ಲರ್ ಡ್ರಿಲ್ಲಿನ ಕೆಳಗೆ ನಿಲ್ಲಿಸಿದರು. ಮೊದಲು ಸೆಂಟರ್ ಪಂಚ್, ಆಮೇಲೆ 5 ಮಿಮೀ, ಆಮೇಲೆ 10.2 ಮಿಮೀ. ಆಳ 30 ಮಿಮೀ. ಎಂ12, ಅಂದರೆ 12 ಮಿಮೀ ದಪ್ಪದ ಬೋಲ್ಟಿನ ಥ್ರೆಡ್ಡಿಗೆ 10.2 ಮಿಮೀ ತೂತೇ ಅಳತೆ. ನಾನು ಎಣ್ಣೆ ಡಬ್ಬಿ ಎತ್ತಿಕೊಂಡು ಮುಂದೆ ಹೋದೆ. "ಬೀಡಿಗೆ ಎಣ್ಣೆ ಹಾಕಬೇಡಿ, ಪುಡಿ ಕೆಸರಾಗಿ ಬಿಟ್ಟು ಕಚ್ಚಿಕೊಳ್ಳುತ್ತೆ." ನಿಜ. ಉಕ್ಕಿನ ಹಾಗೆ ಸುರುಳಿ ಸುರುಳಿಯಾಗಿ ಬರದೆ ಕಪ್ಪು ಪುಡಿ ಉದುರುತ್ತದೆ. ಬೆರಳಿಗೆ ತಗಲಿದರೆ ಪೆನ್ಸಿಲ್ ಕಡ್ಡಿಯ ಪುಡಿ ಇದ್ದಂತೆ. ಕಪ್ಪಿಗೆ ಕಾರಣ ಎರಡರಲ್ಲೂ ಒಂದೇ. ಬೀಡಿನೊಳಗೆ ಇರುವುದೂ ಗ್ರಾಫೈಟ್, ಪೆನ್ಸಿಲಿನೊಳಗೆ ಇರುವುದೂ ಗ್ರಾಫೈಟ್.

ಟ್ಯಾಪನ್ನು ಕೈಯಲ್ಲೇ ಹೊಡೆದರು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆತುರ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ, ಆಮೇಲೆ ಆ ಗುಂಡು ಬಾಗಿಲಿಗೇ.

ಬಿಲ್ಲೆ ನಾಲ್ಕು. ಒಂದಕ್ಕೆ ಮಾತ್ರ ಬೋಲ್ಟಿನ ತಲೆ ಒಳಗೆ ಮುಳುಗುವ ಹಾಗೆ ಕುಳಿ ಕೊರೆಸಿದೆ. ನೆಲಕ್ಕೆ ಇಟ್ಟಾಗ ತಲೆ ಚುಚ್ಚಬಾರದು. ಈ ಬಿಲ್ಲೆ ಯಾವಾಗಲೂ ಎಲ್ಲಕ್ಕಿಂತ ಕೆಳಗೆ. ಅದಕ್ಕೆ ಕೆಂಪು ಚುಕ್ಕಿ ಇಟ್ಟಿದ್ದೇನೆ. ಒಂದು ಬಿಲ್ಲೆಗೆ 35 ಮಿಮೀ, ಎರಡಕ್ಕೆ 45, ಮೂರಕ್ಕೆ 60, ನಾಲ್ಕಕ್ಕೆ 70 ಮಿಮೀ ಬೋಲ್ಟು. ಎಲ್ಲಾ ಚಪ್ಪಟೆ ತಲೆಯ ಅಲನ್ ಬೋಲ್ಟು (ತಲೆಯಲ್ಲಿ ಆರು ಮೂಲೆಯ ಕುಳಿ ಇರುವಂಥದ್ದು), 8 ಮಿಮೀ ಅಲನ್ ಕೀ ಸಾಕು. ಬೀಡಿನ ಥ್ರೆಡ್ ಉಕ್ಕಿನಷ್ಟು ಗಟ್ಟಿಯಲ್ಲ. ಅದಕ್ಕೇ ಬೋಲ್ಟು ಕನಿಷ್ಠ 18 ಮಿಮೀ ಒಳಗೆ ಹಿಡಿದಿರಬೇಕು, ಅಂದರೆ ಬೋಲ್ಟಿನ ದಪ್ಪದ ಒಂದೂವರೆ ಪಾಲು. ಬಿಲ್ಲೆಗಳ ಅಂಚನ್ನು 3 ಮಿಮೀ ಓರೆಯಾಗಿ ತೆಗೆಸಿದೆ, ತೋಳಿಗೆ ಕೊಯ್ಯಬಾರದು ಎಂದು. ತೂಕ ಮಾಡಿದರೆ ನಾಲ್ಕರಲ್ಲಿ ಯಾವುದೂ ಒಂದು ಕೆಜಿಯಿಂದ 10 ಗ್ರಾಂ ಕೂಡ ಆಚೀಚೆ ಇರಲಿಲ್ಲ. ಬೋಲ್ಟಿನ ಭಾರವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇದನ್ನು ನೋಡಿ ಮಾಡಹೊರಟವರಿಗೆ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟು ತುಂಬಿದ್ದು ಇರುತ್ತದಲ್ಲ, ಅದಕ್ಕೆ ಡ್ರಿಲ್ ತೋರಿಸಲೇ ಬೇಡಿ. ಸ್ಪರ್ಧೆಯ ಉಕ್ಕಿನ ಗುಂಡಿಗೂ ಬೇಡ. ಅವುಗಳಲ್ಲಿ 8 ಕೆಜಿಯದೂ 32 ಕೆಜಿಯದೂ ಹೊರಗಿನಿಂದ ಒಂದೇ ಗಾತ್ರ. ಅಂದಮೇಲೆ ಹಗುರದ್ದರ ಒಳಗೆ ಪೊಳ್ಳು ಇರಲೇಬೇಕು.

ಕಟಕ್ ಕಟಕ್

ಮೊದಲ ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಗುಂಡು ಮೇಲೆ ಹೋದಾಗಲೆಲ್ಲ ಕಟಕ್ ಎನ್ನತೊಡಗಿತು. ನನ್ನ ಭುಜದ ಸದ್ದು ಎಂದುಕೊಂಡು ಹೆದರಿದೆ. ಬಿಲ್ಲೆ ಸಡಿಲವಾಗಿತ್ತು. ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು.

ಸ್ಕೇಲ್ ಇಟ್ಟು ನೋಡಿದರೆ ಬುಡ ಚಪ್ಪಟೆಯೇ ಅಲ್ಲ. ನಡುವೆ ಸಣ್ಣಗೆ ಉಬ್ಬು. ಬಿಲ್ಲೆ ಆ ಉಬ್ಬಿನ ಮೇಲೆ ದೋಸೆ ಹೆಂಚಿನ ಹಾಗೆ ಅಲ್ಲಾಡುತ್ತಿತ್ತು. ಗ್ರೈಂಡರ್ ತಂದು ಉಬ್ಬನ್ನು ಕೆಳಗಿಳಿಸಿದೆ. ಮಧ್ಯಾಹ್ನ ಎರಡು ಗಂಟೆಗೆ ಶುರು ಮಾಡಿದ್ದು ಎದುರು ಮನೆಯವರ ನಿದ್ದೆಗೆ ಅಡ್ಡಿಯಾಯಿತು, ಅದು ಬೇರೆ ಕಥೆ. ಆಮೇಲೆ ಲಾರಿ ಟ್ಯೂಬಿನಿಂದ 2 ಮಿಮೀ ದಪ್ಪದ ರಬ್ಬರ್ ಬಿಲ್ಲೆ ಕತ್ತರಿಸಿ ನಡುವೆ ಹಾಕಿದೆ. ಸದ್ದು ನಿಂತಿತು. ಬೋಲ್ಟಿನ ತಲೆಯಿಂದ ಬಿಲ್ಲೆಯ ಮೇಲಕ್ಕೆ ಬಿಳಿ ಪೇಂಟಿನ ಒಂದು ಗೆರೆ ಎಳೆದೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಬಸ್ಸಿನ ಚಕ್ರದ ನಟ್ಟುಗಳಿಗೆ ಗುರುತು ಹಾಕಿರುತ್ತಾರಲ್ಲ, ಅದೇ ಉಪಾಯ.

ಬಿಲ್ಲೆ ಹಾಕಿದ ಗುಂಡಿನಲ್ಲಿ ನಾನು ಸ್ವಿಂಗ್ ಮಾಡುವುದಿಲ್ಲ. ಜೋರಾಗಿ ಬೀಸುವಾಗ ಬೋಲ್ಟಿನ ಮೇಲೆ ಬೀಳುವ ಎಳೆತವೇ ಬೇರೆ. ಎರಡೂ ಕೈಯಲ್ಲಿ ನಿಧಾನಕ್ಕೆ ಎದೆಗೆ ತಂದು, ಅಲ್ಲಿಂದ ಒಂದು ಕೈಯಲ್ಲಿ ಪ್ರೆಸ್ ಮಾತ್ರ.

ಮೇಲೇರಿದ್ದು

ಅಭ್ಯಾಸ ವಾರಕ್ಕೆ ಮೂರು ದಿನ, ಏಣಿ ಲೆಕ್ಕದಲ್ಲಿ. ಎಡಗೈ ಒಂದು, ಬಲಗೈ ಒಂದು. ಉಸಿರು ಸುಧಾರಿಸಿಕೊಂಡು ಎರಡೆರಡು. ಆಮೇಲೆ ಮೂರು ಮೂರು. ಇದು ಒಂದು ಏಣಿ. ಹೀಗೆ ಐದು ಏಣಿ ಆದರೆ ಒಂದೊಂದು ಕೈಗೆ 30 ಪ್ರೆಸ್. ಒಂದೇ ಏಟಿಗೆ ಹತ್ತು ಎತ್ತಿ ಸುಸ್ತಾಗುವುದಕ್ಕಿಂತ ಇದು ವಾಸಿ, ಯಾಕೆಂದರೆ ಹೆಚ್ಚಿನ ಪ್ರೆಸ್‌ಗಳು ದಣಿಯದ ಕೈಯಲ್ಲೇ ಆಗುತ್ತವೆ, ನಡೆ ಕೆಡುವುದಿಲ್ಲ. ಎರಡು ದಿನ ಸತತವಾಗಿ ಐದು ಏಣಿ ಶುದ್ಧವಾಗಿ ಹತ್ತಿದ ಮೇಲೆಯೇ ಹೊಸ ಬಿಲ್ಲೆ. ಈ ನಿಯಮ ಎಡಗೈಗೆ. ಬಲಗೈ ಕಾಯಬೇಕು.

ಒಂದನೇ ಬಿಲ್ಲೆ, 16.64: ಫೆಬ್ರವರಿಯಲ್ಲಿ ಎರಡೇ ವಾರ. ಹೇಳುವಂಥದ್ದು ಏನೂ ಇಲ್ಲ.

ಎರಡನೇ ಬಿಲ್ಲೆ, 17.64: ಶಿವರಾತ್ರಿ ಜಾತ್ರೆಗೆ ನೆಂಟರು ತುಂಬಿದ್ದರಿಂದ ಒಂದು ವಾರ ಹೋಯಿತು. ನಮ್ಮತ್ತೆ ಮಹಡಿಗೆ ಬಂದವರು ಗುಂಡು ನೋಡಿ, "ಒರಳಿನ ಗುಂಡಿಗೆ ಹಿಡಿ ಯಾಕಪ್ಪ ಹಾಕಿಸಿದೀಯ?" ಎಂದರು. ಇಲ್ಲಿಂದಲೇ ಒಂದು ವಿಷಯ ಗಮನಕ್ಕೆ ಬಂತು. ಬಿಲ್ಲೆ ಹಾಕಿದ ಗುಂಡು ತೂಕಕ್ಕಿಂತ ಭಾರ ಅನ್ನಿಸುತ್ತದೆ. ಕಾರಣ ಇದೆ. ಸೇರಿಸಿದ ಭಾರ ಹಿಡಿಯಿಂದ ದೂರ, ಬುಡದಲ್ಲಿದೆ. ನನ್ನ ಅಂದಾಜಿನಲ್ಲಿ ಎರಡು ಬಿಲ್ಲೆಗೆ ಗುಂಡಿನ ತೂಕದ ನಡುಬಿಂದು ಒಂದು ಸೆಂಟಿಮೀಟರಿನಷ್ಟು ಹಿಡಿಯಿಂದ ದೂರ ಸರಿಯುತ್ತದೆ. ಮಣಿಕಟ್ಟು ಸ್ವಲ್ಪ ಹಿಂದೆ ಬಾಗಿದರೂ ಅದು ಕೂಡಲೇ ಶಿಕ್ಷೆ ಕೊಡುತ್ತದೆ. ಹಿಡಿ ಅಂಗೈಯಲ್ಲಿ ಓರೆಯಾಗಿ, ಹೆಬ್ಬೆರಳ ಬುಡದಿಂದ ಅಂಗೈಯ ಆಚೆ ಮೂಲೆಗೆ ಕೂರಬೇಕು. ಮಣಿಕಟ್ಟು ಗುದ್ದುವವನ ಹಾಗೆ ನೇರ. 16ರಲ್ಲಿ ಎರಡು ವರ್ಷ ಈ ತಪ್ಪು ನಡೆದುಹೋಗಿತ್ತು.

ಮೂರನೇ ಬಿಲ್ಲೆ, 18.64: ಯುಗಾದಿ ಕಳೆದು ಬೇಸಿಗೆ ರಜೆ. ಇಲ್ಲಿ ಸಿಕ್ಕಿಹಾಕಿಕೊಂಡೆ. ಎಡಗೈ ಮೂರನೇ ಏಣಿಯಲ್ಲಿ ನಿಲ್ಲುತ್ತಿತ್ತು. ರಜೆ ಇದೆಯಲ್ಲ ಎಂದು ವಾರಕ್ಕೆ ಐದು ದಿನ ಮಾಡಿದೆ. ಎಡ ಭುಜದ ಮುಂದೆ ಚುಚ್ಚು ನೋವು ಶುರುವಾಯಿತು. ಮೇಷ್ಟ್ರಿಗೆ ರಜೆ ಸಿಕ್ಕರೆ ಭುಜಕ್ಕೂ ಸಿಗಬೇಕಿತ್ತು. ಆರು ದಿನ ಮುಟ್ಟಲಿಲ್ಲ.

ಆ ಆರು ದಿನದಲ್ಲಿ ಮಗಳ ಕೈಯಲ್ಲಿ ಹಿಂದೆ ತೆಗೆಸಿದ್ದ ವೀಡಿಯೋ ನೋಡಿದೆ. ಎಡ ಮೊಣಕೈ ಪಕ್ಕಕ್ಕೆ ಹಾರಿಕೊಂಡು, ಭುಜ ಕಿವಿಗೆ ಅಂಟಿಕೊಂಡಿತ್ತು. ಮುಂಗೈ ನೆಟ್ಟಗೆ ಇರಬೇಕಾದದ್ದು ಒಳಕ್ಕೆ ವಾಲಿತ್ತು. "ಅಪ್ಪ, ನೀನು ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಂಡ ಹಾಗೆ ಕಾಣ್ತೀಯ" ಎಂದಳು. ಅದಾದ ಮೇಲೆ ಎರಡು ಬದಲಾವಣೆ ಮಾಡಿದೆ. ಎತ್ತುವ ಮುಂಚೆ ಕಂಕುಳಲ್ಲಿ ಪುಸ್ತಕ ಅವುಚಿಕೊಂಡ ಹಾಗೆ ಭುಜ ಕೆಳಗಿಳಿಸುವುದು. ಪೃಷ್ಠ, ಹೊಟ್ಟೆ, ಖಾಲಿ ಕೈಯ ಮುಷ್ಟಿ ಎಲ್ಲವನ್ನೂ ಬಿಗಿಯುವುದು. ಖಾಲಿ ಮುಷ್ಟಿ ಬಿಗಿದರೆ ಎತ್ತುವ ಕೈಗೆ ಬಲ ಬರುತ್ತದೆ ಎಂದರೆ ಮೊದಲು ನಗು ಬಂದಿತ್ತು. ಮಾಡಿ ನೋಡಿ. ಇಳಿಸುವಾಗಲೂ ಗುಂಡನ್ನು ಬೀಳಲು ಬಿಡದೆ, ಬಾವಿಯಿಂದ ಕೊಡ ಸೇದುವ ಹಾಗೆ ಎದೆಗೆ ಎಳೆದುಕೊಳ್ಳಬೇಕು.

ಮತ್ತೆ ಎರಡು ಬಿಲ್ಲೆಗೆ ಇಳಿದು ಶುರು ಮಾಡಿದೆ. ಒಂದು ಬಿಲ್ಲೆ ಬಿಚ್ಚುವುದು ಎರಡು ನಿಮಿಷದ ಕೆಲಸ. ಈ ಇಡೀ ಸಾಹಸದಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ಮೇಲೆ ಹೋಗುವುದಲ್ಲ, ಹೀಗೆ ಮರ್ಯಾದೆಯಿಂದ ಒಂದು ಮೆಟ್ಟಿಲು ಕೆಳಗಿಳಿಯಲು ಆದದ್ದು. ಎರಡೇ ಗುಂಡು ಇದ್ದಾಗ ಇಳಿಯಲು ಮೆಟ್ಟಿಲೇ ಇರಲಿಲ್ಲ.

ನಾಲ್ಕನೇ ಬಿಲ್ಲೆ, 19.64: ಜೂನ್, ಶಾಲೆ ಶುರು. ನಾಲ್ಕು ಬಿಲ್ಲೆ ಸೇರಿ ನಾಲ್ಕೂವರೆ ಸೆಂಟಿಮೀಟರ್ ಉದ್ದ. ಎದೆಯ ಹತ್ತಿರ ಹಿಡಿದಾಗ ಕೆಂಪು ಚುಕ್ಕಿಯ ಬಿಲ್ಲೆ ತೋಳಿಗೆ ಒತ್ತುತ್ತದೆ. ಅಂಚು ಓರೆ ಮಾಡಿಸದಿದ್ದರೆ ಗಾಯವೇ ಆಗುತ್ತಿತ್ತು. ಐದನೇ ಬಿಲ್ಲೆ ಮಾಡಿಸಿ ಪ್ರಯೋಜನವಿಲ್ಲ. ಈ ವಿಧಾನದ ಮಿತಿ ಇಷ್ಟೇ.

ಇಲ್ಲಿಂದ 24.3ಕ್ಕೆ ಇನ್ನೂ 4.66 ಕೆಜಿ. ಇದನ್ನು ಬಿಲ್ಲೆಯಿಂದ ದಾಟಲು ಆಗದು, ಸಂಖ್ಯೆಯಿಂದ ದಾಟಬೇಕು. ಭಾರ ಎತ್ತುವವರು ಬಳಸುವ ಎಪ್ಲಿ ಸೂತ್ರ ಎಂದೊಂದಿದೆ. ಎತ್ತಿದ ತೂಕವನ್ನು ಸಲಗಳಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ತೂಕಕ್ಕೆ ಕೂಡಿದರೆ ಒಂದೇ ಸಲ ಎಷ್ಟು ಎತ್ತಬಹುದು ಎಂಬ ಅಂದಾಜು ಸಿಗುತ್ತದೆ. 19.64 ಅನ್ನು 7 ಸಲ ಎತ್ತಿದರೆ 24.22, ಕೂದಲೆಳೆಯಲ್ಲಿ ಸಾಲದು. 8 ಸಲ ಎತ್ತಿದರೆ 24.88. ಹಾಗಾಗಿ ಗುರಿ 8. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ.

ಜೂನ್, ಜುಲೈ ಎರಡು ತಿಂಗಳು ಅದಕ್ಕೇ ಹೋಯಿತು. ಏಣಿ 1-2-3 ಇದ್ದದ್ದು 1-2-3-4 ಆಯಿತು. ಶನಿವಾರ ಮಾತ್ರ ಬಾಗಿಲಿನ ಕೆಲಸದಿಂದ 24ಕ್ಕೆ ಬಿಡುವು. ಮೊಣಕಾಲು ಸ್ವಲ್ಪ ಬಗ್ಗಿಸಿ, ಕಾಲಿನ ಬಲದಿಂದ ಅದನ್ನು ತಲೆಯ ಮೇಲೆ ತಳ್ಳಿ, ಐದು ಎಣಿಸುತ್ತಾ ನಿಧಾನ ಇಳಿಸುವುದು. ಕೈಗೆ ಮೂರು ಸಲ, ಅಷ್ಟೇ. ಭಾರ ತಲೆಯ ಮೇಲೆ ಇರುವಾಗ ಹೇಗಿರುತ್ತದೆ ಎಂದು ಭುಜಕ್ಕೆ ಪರಿಚಯವಾಗಲಿ ಎಂದು.

ಜುಲೈ ಕೊನೆಯ ಭಾನುವಾರ ಲೆಕ್ಕ ತೆಗೆದೆ. 19.64ರಲ್ಲಿ ಬಲಗೈ 8. ಎಡಗೈ 6, ಏಳನೆಯದು ಹಣೆಯ ಹತ್ತಿರ ನಿಂತಿತು. ಸೂತ್ರದ ಪ್ರಕಾರ ಎಡಗೈಗೆ 23.57. ಸಾಲದು.

ನಾಲ್ಕು ದಿನ ಬಿಟ್ಟು, ಗುರುವಾರ ಬೆಳಗ್ಗೆ ಬಾಗಿಲಿನಿಂದ 24 ಅನ್ನು ಎತ್ತಿಕೊಂಡೆ. ಬಲಗೈ ಮೊದಲು. ಕಿವಿಯ ಹತ್ತಿರ ಒಂದು ಕ್ಷಣ ನಿಂತಿತು, ಜನವರಿಯಲ್ಲಿ ನಿಂತ ಅದೇ ಜಾಗ. ಖಾಲಿ ಮುಷ್ಟಿ ಬಿಗಿದೆ. ಹೋಯಿತು. ಮೊಣಕೈ ನೇರವಾದಾಗ ಕೆಳಗಿನಿಂದ ಕುಕ್ಕರ್ ಕೂಗಿತು. ಎಡಗೈಯಲ್ಲಿ ಹುಬ್ಬಿನವರೆಗೆ ಬಂದು ನಿಂತಿತು. ಮೂರು ಎಣಿಸಿ ಇಳಿಸಿದೆ.

ಈಗ 16ರ ಬುಡದಲ್ಲಿ ನಾಲ್ಕು ಬಿಲ್ಲೆ ಹಾಗೇ ಇವೆ. ಗೋಡೆ ಮೇಲಿನ 8ರ ಪಕ್ಕ "ಎಡ" ಎಂದು ಬರೆದಿದ್ದೇನೆ. ಬಾಗಿಲಿಗೆ ಅಡ್ಡ ಒಂದು ಕಲ್ಲು ತಂದಿಟ್ಟಿದ್ದೇನೆ.